ನಮ್ಮ ಕಡೆ ಹಾವು ಎಲ್ಲಿ ಸಿಗುತ್ತವೆ, ಹಿಡಿದು ಸಾಕಬಹುದಾ?

"ಅಣ್ಣ, ಚಿತ್ರದುರ್ಗದ ಸುತ್ತ ಹಾವು ಎಲ್ಲಿ ಜಾಸ್ತಿ ಸಿಗುತ್ತವೆ? ಒಂದು ಜೋಡಿ ಹಿಡಿದು ಸಾಕಿ ಮರಿ ಮಾಡಿಸಬೇಕು." ನಾನು ಹಾವು ರಕ್ಷಣೆಗೆ ಹೋಗುತ್ತೇನೆ ಅಂತ ಗೊತ್ತಾದವರೆಲ್ಲ ಈ ಪ್ರಶ್ನೆ ಕೇಳುತ್ತಾರೆ. ಹೆಚ್ಚಿನವರು ಕಾಲೇಜು ಹುಡುಗರು. ಬೇರೆ ದೇಶದವರು ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕುವ ವಿಡಿಯೊ ನೋಡಿರುತ್ತಾರೆ. ಹಾವು ಕಂಡರೆ ದೊಣ್ಣೆ ಹುಡುಕುವ ಕಡೆ ಹೀಗೆ ಕೇಳುವ ಹುಡುಗ ಸಿಕ್ಕರೆ ನನಗೆ ಖುಷಿಯೇ ಆಗುತ್ತೆ. ಆದರೂ ನನ್ನ ಉತ್ತರ: ಹಿಡಿಯಬೇಡಿ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ವಿಷ ಇಲ್ಲದ ಹಾವು, ನಮ್ಮ ಹೊಲದಲ್ಲೇ ಸಿಕ್ಕಿದ್ದು ಅನ್ನುವ ಮಾತು ನಡೆಯಲ್ಲ. ಹೆಬ್ಬಾವಿನಂಥ ಮೊದಲ ಪಟ್ಟಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ವಿಡಿಯೊದಲ್ಲಿ ಕಾಣುವ ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾ ಕಡೆಯದು, ಕಾರ್ನ್ ಸ್ನೇಕ್ ಅಮೆರಿಕದ್ದು. ಸಾಕುವವರ ಬಳಿಯೇ ಎಷ್ಟೋ ತಲೆಮಾರು ಹುಟ್ಟಿ ಬೆಳೆದ ಹಾವುಗಳು ಅವು. ನಮ್ಮ ಬದುವಿನ ಕೇರೆ ಹಾವಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಕೇರೆ ಹಾವನ್ನೇ ತಗೊಳ್ಳಿ. ಇಡೀ ದಿನ ಹೊಲ, ಬದು, ಹುಲ್ಲಿನ ಬಣವೆ ಸುತ್ತುವ ಜೀವ. ಪೆಟ್ಟಿಗೆಗೆ ಹಾಕಿದರೆ ದಾರಿ ಹುಡುಕಿ ಹುಡುಕಿ ಮೂತಿಯನ್ನು ಗಾಜಿಗೆ ಉಜ್ಜಿಕೊಳ್ಳುತ್ತೆ, ಚರ್ಮ ಕಿತ್ತು ಗಾಯವಾಗುತ್ತೆ, ಅದು ಬಾಯಿಗೆ ಇಳಿದು ಕೀವಾಗುತ್ತೆ. ಇಲಿ ಕೊಟ್ಟರೂ ತಿನ್ನಲ್ಲ. ಕಾಡು ಹಾವಿನ ಹೊಟ್ಟೆಯಲ್ಲಿ ಹುಳು ಇರೋದು, ಚರ್ಮದ ಮೇಲೆ ಉಣ್ಣೆ ಇರೋದು ಸಾಮಾನ್ಯ. ಹೊರಗೆ ಓಡಾಡಿಕೊಂಡಿದ್ದಾಗ ತಡೆದುಕೊಂಡಿರುತ್ತೆ, ಹೆದರಿಕೆಯಲ್ಲಿ ಉಪವಾಸ ಬಿದ್ದಾಗ ಅದೇ ಕಾಯಿಲೆಯಾಗಿ ಎದ್ದು ಬರುತ್ತೆ. ಇದಕ್ಕೆ ಮದ್ದು ಗೊತ್ತಿರುವ ಪಶುವೈದ್ಯರು ಎಲ್ಲ ಊರಲ್ಲಿ ಸಿಗುತ್ತಾರಾ?

ಇನ್ನು ಮರಿ ಮಾಡಿಸುವ ಮಾತು. ಬಸುರಿ ಹಾವು ಸಿಕ್ಕಿ, ಅದು ಬಕೆಟ್ಟಿನಲ್ಲಿ ಮೊಟ್ಟೆ ಇಟ್ಟರೆ "ನಾವೇ ಮಾಡಿಸಿದ್ವಿ" ಅನ್ನುವವರಿದ್ದಾರೆ. ಅದರಲ್ಲಿ ಅವರದ್ದೇನೂ ಇಲ್ಲ. ನಾಗರಹಾವು ಬಿಲದಲ್ಲಿ ಮೊಟ್ಟೆ ಇಟ್ಟು ಎರಡು ತಿಂಗಳ ಹತ್ತಿರ ಕಾಯುತ್ತೆ. ಆ ಮೊಟ್ಟೆಗಳನ್ನು ಕೋಳಿ ಮೊಟ್ಟೆ ತಿರುಗಿಸಿದ ಹಾಗೆ ತಿರುಗಿಸಿದರೆ ಒಳಗಿನ ಮರಿ ಸಾಯುತ್ತೆ. ತೇವ ಜಾಸ್ತಿಯಾದರೆ ಬೂಷ್ಟು, ಕಡಿಮೆಯಾದರೆ ಒಣಗುತ್ತವೆ. ಕೊಳಕುಮಂಡಲ ಮೊಟ್ಟೆ ಇಡಲ್ಲ, ನೇರವಾಗಿ ಮರಿ ಹಾಕುತ್ತೆ, ಒಂದೇ ಸಲ ಇಪ್ಪತ್ತು ಮೂವತ್ತು. ಹುಟ್ಟಿದ ಗಳಿಗೆಯಿಂದಲೇ ಎಲ್ಲದಕ್ಕೂ ವಿಷ ಇರುತ್ತೆ. ಮನೆಯಲ್ಲಿ ಅಮ್ಮ, ತಂಗಿ ಓಡಾಡುವ ಕಡೆ ಅವನ್ನು ಎಲ್ಲಿ ಇಡುತ್ತೀರಿ?

ಎರಡು ತಲೆ ಹಾವು, ಅಂದರೆ ಮಣ್ಣುಮುಕ್ಕನ ಬಗ್ಗೆ ಕೇಳುವವರೂ ಇದ್ದಾರೆ. ಚಳ್ಳಕೆರೆ, ಹಿರಿಯೂರು ಕಡೆಯ ಒಣ ನೆಲಕ್ಕೆ ಹೊಂದುವ ಬಡಪಾಯಿ ಹಾವು ಅದು. ಬಾಲ ಮೊಂಡಾಗಿರುವುದರಿಂದ ಎರಡನೇ ತಲೆ ಥರ ಕಾಣುತ್ತೆ, ಅಷ್ಟೇ. ತೂಕ ಇಷ್ಟಿದ್ದರೆ ಲಕ್ಷ, ಅಷ್ಟಿದ್ದರೆ ಕೋಟಿ ಅನ್ನೋದೆಲ್ಲ ದಲ್ಲಾಳಿಗಳು ಹಬ್ಬಿಸಿದ ಸುಳ್ಳು. ಈ ಸುಳ್ಳಿಗೆ ಹಾವೂ ಸಾಯುತ್ತೆ, ದುಡ್ಡಿಲ್ಲದ ಹುಡುಗರೂ ಜೈಲಿಗೆ ಹೋಗುತ್ತಾರೆ. ಇದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ.

ಹಾಗಾದರೆ ಏನು ಮಾಡಬೇಕು? ನೋಡಿ. ಹಿಡಿಯದೆ ಸುಮ್ನೆ ನೋಡೋದು ಕಲಿಯಿರಿ. ದಾವಣಗೆರೆ, ಹರಿಹರದ ಭದ್ರಾ ನಾಲೆಯ ಗದ್ದೆ ಬದುಗಳಲ್ಲಿ ಚಳಿಗಾಲದ ಬೆಳಗ್ಗೆ ಕೇರೆ ಹಾವು ಬಿಸಿಲು ಕಾಯುತ್ತಿರುತ್ತೆ. ಕೆರೆ ಅಂಚಲ್ಲಿ ನೀರುಹಾವು ಕಪ್ಪೆ, ಮೀನು ಹಿಡಿಯೋದು ಕಾಣುತ್ತೆ. ದುರ್ಗದ ಕಲ್ಲು ನೆಲದಲ್ಲಿ ಗರಗಸ ಮಂಡಲ ಇದೆ. ಒಂದು ಗೇಣು ಚಿಲ್ಲರೆ ಉದ್ದದ್ದು, ಮೈ ಮಡಚಿ ಹುರುಪೆಗೆ ಹುರುಪೆ ಉಜ್ಜಿ ಸರಸರ ಸದ್ದು ಮಾಡುತ್ತೆ. ಆ ಸದ್ದು ಕೇಳಿದರೆ ಹಿಂದೆ ಸರಿಯಿರಿ. ರಾತ್ರಿ ಹೊಲಕ್ಕೆ ಹೋಗುವಾಗ ಬೂಟು, ಟಾರ್ಚು ಬೇಕೇ ಬೇಕು, ಕಲ್ಲಿನಡಿ ಬರಿಗೈ ಹಾಕಬೇಡಿ. ಜೋಗಿಮಟ್ಟಿ ಕಾಡಿಗಾದರೆ ಅರಣ್ಯ ಇಲಾಖೆಯ ಅನುಮತಿ ತಗೊಂಡೇ ಹೋಗಿ.

ಫೋಟೊ ತೆಗೆದು ಗುರುತು ಹಿಡಿಯೋದು ಶುರು ಮಾಡಿ, ಹುಚ್ಚು ಹತ್ತುತ್ತೆ. ಕಟ್ಟುಹಾವಿಗೂ ವಿಷವಿಲ್ಲದ ತೋಳದ ಹಾವಿಗೂ ಮೈಮೇಲೆ ಬಿಳಿ ಪಟ್ಟೆ ಇರುತ್ತವೆ, ನಮ್ಮವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಕಟ್ಟುಹಾವಿನ ಪಟ್ಟೆ ಸಾಮಾನ್ಯವಾಗಿ ತಲೆ ಕಡೆ ಮಾಸಿ ಬಾಲದ ಕಡೆ ಎದ್ದು ಕಾಣುತ್ತೆ, ತೋಳದ ಹಾವಿನದು ತಲೆ ಹತ್ತಿರದಿಂದಲೇ ಶುರುವಾಗಿ ಬಾಲದ ಕಡೆ ಮಾಸುತ್ತೆ. ದೂರದಿಂದ ತೆಗೆದ ಒಂದು ಫೋಟೊದಲ್ಲೇ ಇದು ತಿಳಿಯುತ್ತೆ. ಆದರೆ ಇದನ್ನು ನಂಬಿ ಕೈಗೆ ಎತ್ತಿಕೊಳ್ಳಬೇಡಿ.

ಮರಿ ಮಾಡಿಸುವ ಕೆಲಸವೇ ಬೇಕು ಅಂದರೆ ಪ್ರಾಣಿಶಾಸ್ತ್ರ ಅಥವಾ ಪಶುವೈದ್ಯ ಓದಿ ಮೃಗಾಲಯಕ್ಕೆ ಸೇರಿ. ಮಂಗಳೂರಿನ ಪಿಲಿಕುಳದಲ್ಲಿ ಕಾಳಿಂಗ ಸರ್ಪದ ಮರಿ ಮಾಡಿಸಿದ್ದಾರೆ. ತಮಿಳುನಾಡಿನಲ್ಲಿ ಇರುಳ ಬುಡಕಟ್ಟಿನವರ ಸಹಕಾರ ಸಂಘ 1978ರಿಂದ ಇದೆ. ಅವರು ಸರ್ಕಾರದ ಪರವಾನಗಿ ಮೇಲೆ ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಹಾವು ಕಚ್ಚಿದವರಿಗೆ ಕೊಡುವ ಔಷಧ ಆ ವಿಷದಿಂದಲೇ ತಯಾರಾಗುತ್ತೆ.

ಮೆಕ್ಕೆಜೋಳದ ದಂಟು ಎತ್ತುವಾಗಲೋ ಬಣವೆ ಕೀಳುವಾಗಲೋ ಹಾವಿನ ಮೊಟ್ಟೆ ಕಂಡರೆ ಮುಟ್ಟಬೇಡಿ, ತಿರುಗಿಸಬೇಡಿ. ತಾಯಿ ಪಕ್ಕದಲ್ಲೇ ಇರಬಹುದು. ಅಲ್ಲಿಗೆ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಗೆ ಫೋನ್ ಮಾಡಿ.