ನೆಲದಿಂದ ಒಂದಡಿ ಮೇಲೆ: ಕ್ಯಾಂಪರ್ ಟ್ರೇಲರ್‌ನಲ್ಲಿ ನಾಯಿ

ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಪುಟ್ಟ ಮನೆಯಂಥ ಗಾಡಿ, ಅಂದರೆ ಕ್ಯಾಂಪರ್ ಟ್ರೇಲರ್, ಕಟ್ಟುವವರ ಲೆಕ್ಕವೆಲ್ಲ ಮನುಷ್ಯನ ಎತ್ತರಕ್ಕೆ. ಕಿಟಕಿ ಮಂಚದ ಮಟ್ಟಕ್ಕೆ, ಎಸಿ ತಲೆಯ ಮೇಲೆ, ಮೆಟ್ಟಿಲು ನಮ್ಮ ಕಾಲಳತೆಗೆ. ನಾಯಿ ಬದುಕುವುದು ನೆಲದಿಂದ ಒಂದಡಿ ಎತ್ತರದೊಳಗೆ. ಅಲ್ಲಿ ಗಾಳಿ ಆಡುವ ರೀತಿಯೇ ಬೇರೆ, ಗ್ಯಾಸ್ ಸೋರಿದರೆ ಕೂರುವ ಜಾಗವೂ ಅದೇ. ಹೊರಡುವ ಮುಂಚೆ ಒಮ್ಮೆ ಟ್ರೇಲರ್ ಬಾಗಿಲು, ಕಿಟಕಿ ಎಂದಿನಂತೆ ಇಟ್ಟು, ನಾಯಿ ಮಲಗುವ ಜಾಗದಲ್ಲಿ ನೀವೇ ಚಾಪೆ ಹಾಕಿ ಹದಿನೈದು ನಿಮಿಷ ಮಲಗಿ ನೋಡಿ. ಮುಂದೆ ಬರೆಯುವುದರಲ್ಲಿ ಅರ್ಧ ನಿಮಗೆ ಅಲ್ಲೇ ಹೊಳೆಯುತ್ತದೆ.

ಮೊದಲ ಮಾತು: ಗಾಡಿ ಓಡುವಾಗ ನಾಯಿ ಟ್ರೇಲರ್‌ನಲ್ಲಿ ಇರಕೂಡದು, ಎಳೆಯುವ ಕಾರಿನಲ್ಲಿರಬೇಕು. ‘ಒಳಗೆ ಹಾಸಿಗೆ ಇದೆ, ಆರಾಮಾಗಿ ಮಲಗಿರುತ್ತೆ’ ಅನ್ನುವುದು ಬರಿಯ ಭ್ರಮೆ. ಟ್ರೇಲರ್‌ನ ಹಿಂಬದಿ ಪ್ರತಿ ಹಂಪ್‌ಗೂ ಕಾರಿಗಿಂತ ಹೆಚ್ಚು ಎಗರುತ್ತದೆ, ಕಪಾಟಿನ ಬಾಗಿಲು ತೆರೆದುಕೊಂಡು ಪಾತ್ರೆ ಉರುಳುತ್ತದೆ, ಒಳಗೆ ಏನಾಯಿತೆಂದು ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಡಿಕ್ಕಿಯಾದರೆ ತಡೆಯುವ ಗಟ್ಟಿ ಚೌಕಟ್ಟೂ ಅದಕ್ಕಿಲ್ಲ, ಹೆಚ್ಚಿನವು ತೆಳು ತಗಡು ಮತ್ತು ಫೋಮ್‌ನ ಗೋಡೆಗಳು.

ಕಾರಿನಲ್ಲೂ ಸುಮ್ಮನೆ ಕೂರಿಸಿದರೆ ಆಗದು. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಡಿಕ್ಕಿಯಲ್ಲಿ ಆ ವೇಗ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸೊನ್ನೆಗೆ ಬಂದರೆ 30 ಕೆಜಿ ಲ್ಯಾಬ್ರಡಾರ್ ಮುಂದಿನ ಸೀಟಿನ ಮೇಲೆ ಬೀಳುವುದು 400 ಕೆಜಿಗೂ ಮೀರಿದ ಭಾರದಂತೆ. ಹಾಗಾಗಿ ಎದೆಗೆ ಅಗಲ ಪಟ್ಟಿ ಇರುವ ಹಾರ್ನೆಸ್ ಹಾಕಿ, ಅದರ ಬೆನ್ನಿನ ಕೊಂಡಿಯನ್ನು ಸೀಟ್ ಬೆಲ್ಟ್‌ಗೆ ಸೇರಿಸಿ. ಪಟ್ಟಿಯ ಉದ್ದ ನಾಯಿ ಎದ್ದು, ತಿರುಗಿ, ಮಲಗುವಷ್ಟಿದ್ದರೆ ಸಾಕು. ಕುತ್ತಿಗೆಯ ಬೆಲ್ಟ್‌ಗೆ ಮಾತ್ರ ಎಂದೂ ಸಿಕ್ಕಿಸಬೇಡಿ, ಬ್ರೇಕ್ ಹೊಡೆದ ಕ್ಷಣ ಇಡೀ ಜಗ್ಗು ಕುತ್ತಿಗೆಯ ಮೇಲೇ ಬೀಳುತ್ತದೆ. ಮುಂದಿನ ಸೀಟೂ ಬೇಡ, ಅಲ್ಲಿ ಏರ್‌ಬ್ಯಾಗ್ ಇದೆ. ನಾಯಿಯನ್ನು ಕೂರಿಸುವ ಕ್ರೇಟ್ (ಗೂಡು) ಬಳಸುವವರು ಅದನ್ನು ಹಗ್ಗದಿಂದಲ್ಲ, ಕಾರಿನ ನೆಲದ ಕೊಕ್ಕೆಗಳಿಗೆ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯಬೇಕು.

ಘಾಟಿಯಲ್ಲಿ ವಾಂತಿ ಮಾಡುವ ನಾಯಿಗೆ ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ಮುಗಿಸಿರಿ. ನೀರು ಮಾತ್ರ ಸ್ವಲ್ಪ ಸ್ವಲ್ಪ ಕೊಡಬಹುದು. ಮುಂಜಾನೆ ಐದಕ್ಕೆ ಬೆಂಗಳೂರು ಬಿಟ್ಟರೆ ಹಿಂದಿನ ರಾತ್ರಿಯ ಊಟವೇ ಕೊನೆಯದು. ಜೊಲ್ಲು ಸುರಿಸುವುದು, ಪದೇ ಪದೇ ತುಟಿ ನೆಕ್ಕುವುದು, ಆಕಳಿಸುವುದು ವಾಂತಿಗೆ ಮುಂಚಿನ ಸೂಚನೆ. ಶಿರಾಡಿಯ ತಿರುವುಗಳಲ್ಲಿ ಅದನ್ನು ಕಂಡರೆ ಗಾಡಿ ನಿಲ್ಲಿಸಲು ಜಾಗ ಹುಡುಕಿ, ಹತ್ತು ನಿಮಿಷ ಇಳಿಸಿ ನಡೆಸಿ. ಪ್ರತಿ ಸಲವೂ ಹೀಗಾಗುವ ನಾಯಿಗೆ ಮಾರೋಪಿಟಂಟ್ ಎಂಬ ಮಾತ್ರೆ ಇದೆ. ತೂಕ ನೋಡಿ ಡಾಕ್ಟರೇ ಬರೆದುಕೊಡಬೇಕು. ಮನುಷ್ಯರ ವಾಂತಿ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡುವ ಚಾಳಿ ಬಿಡಿ.

ಈಗ ಬಿಸಿಲಿನ ವಿಷಯ. ಇದಕ್ಕೆ ಹೆಚ್ಚು ಹೊತ್ತು ಕೊಡಲೇಬೇಕು, ಏಕೆಂದರೆ ನಾಯಿ ಸಾಯುವುದು ಇದರಿಂದಲೇ.

ಹೊರಗೆ 27 ಡಿಗ್ರಿ, ಅಂದರೆ ನಮ್ಮ ಊರಿನ ಹಿತವಾದ ಬೆಳಗ್ಗೆ. ಬಿಸಿಲಿನಲ್ಲಿ ನಿಲ್ಲಿಸಿ ಬಾಗಿಲು ಹಾಕಿದ ಕಾರಿನೊಳಗೆ ಹತ್ತು ನಿಮಿಷಕ್ಕೆ ಸುಮಾರು 37, ಅರ್ಧ ಗಂಟೆಗೆ 45 ಡಿಗ್ರಿ ಮುಟ್ಟುತ್ತದೆ. ಗಾಜು ಎರಡು ಬೆರಳಷ್ಟು ಇಳಿಸಿದರೂ ಅಂಥ ವ್ಯತ್ಯಾಸವೇನೂ ಆಗದು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಕಾಫಿ ಕುಡಿದು ಬರಲು ಅರ್ಧ ಗಂಟೆ ಸಾಕು. ಇಬ್ಬರಿದ್ದರೆ ಒಬ್ಬರಾದ ಮೇಲೆ ಒಬ್ಬರು ತಿನ್ನಿ, ಒಬ್ಬರೇ ಇದ್ದರೆ ಪಾರ್ಸೆಲ್ ಕಟ್ಟಿಸಿಕೊಳ್ಳಿ.

ಟ್ರೇಲರ್ ದಪ್ಪ ಗೋಡೆಯದಾದರೆ ಇಷ್ಟು ಬೇಗ ಕಾಯುವುದಿಲ್ಲ, ಆದರೆ ಕಾದ ಮೇಲೆ ಬೇಗ ಆರುವುದೂ ಇಲ್ಲ. ಅದಕ್ಕೇ ಅದು ಹೆಚ್ಚು ಮೋಸದ್ದು. ಮಾವಿನ ಮರದ ಬುಡದಲ್ಲಿ ನಿಲ್ಲಿಸಿದ ಗಾಡಿಗೆ ಮಧ್ಯಾಹ್ನ ಎರಡಕ್ಕೆ ನೆರಳು ಯಾವ ಕಡೆ ಸರಿದಿರುತ್ತದೆ ಎಂದು ಬೆಳಗ್ಗೆಯೇ ಲೆಕ್ಕ ಹಾಕಬೇಕು. ಪಶ್ಚಿಮಕ್ಕೆ ಮರ ಅಥವಾ ಗೋಡೆ ಇರುವಂತೆ ನಿಲ್ಲಿಸುವುದು ಒಳ್ಳೆಯದು.

ಫ್ಯಾನ್ ಇದೆಯಲ್ಲ ಎನ್ನುತ್ತಾರೆ. ನಮಗೆ ಫ್ಯಾನ್ ತಂಪು ಕೊಡುವುದು ಮೈಯ ಬೆವರು ಆರುವುದರಿಂದ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ಅದು ಏದುಸಿರು ಬಿಟ್ಟು ನಾಲಿಗೆ, ಗಂಟಲಿನ ತೇವ ಆರಿಸಿಕೊಂಡೇ ತಂಪಾಗಬೇಕು. ಒಣ ಮೈಯ ನಾಯಿಗೆ ಬಿಸಿಗಾಳಿ ಬೀಸುವ ಫ್ಯಾನ್‌ನಿಂದ ಪ್ರಯೋಜನ ಕಡಿಮೆ. ಹೊಟ್ಟೆ, ಕಂಕುಳು, ಪಾದ ಒದ್ದೆ ಮಾಡಿ ಫ್ಯಾನ್ ಹಾಕಿದರೆ ಕೆಲಸವಾಗುತ್ತದೆ. ಇದೇ ಕಾರಣಕ್ಕೆ ಚಿತ್ರದುರ್ಗದ ಒಣ ಬಿಸಿಲಿಗಿಂತ ಮರವಂತೆಯ 32 ಡಿಗ್ರಿ ನಾಯಿಗೆ ಕಷ್ಟ: ಗಾಳಿಯಲ್ಲೇ ಅಷ್ಟು ತೇವ ಇರುವಾಗ ನಾಲಿಗೆಯ ತೇವ ಆರುವುದಾದರೂ ಹೇಗೆ? ಪಗ್, ಶಿಟ್ಜು, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಆ ಏದುಸಿರೂ ಸರಿಯಾಗಿ ಸಾಗದು. ಅವನ್ನು ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಗೆ ಕರೆದೊಯ್ಯದಿರುವುದೇ ವಾಸಿ. ಹಸ್ಕಿಯಂಥ ಎರಡು ಪದರದ ಕೂದಲಿನವನ್ನು ಬೋಳಿಸಬೇಡಿ, ಒಳಗೂದಲು ಬಾಚಿ ತೆಗೆಸಿದರೆ ಸಾಕು.

ಎಸಿಯ ಲೆಕ್ಕವೂ ನೋಡೋಣ. 12.8 ವೋಲ್ಟ್, 100 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಬರಿದು ಮಾಡದೆ, ಇನ್ವರ್ಟರ್‌ನ ನಷ್ಟವನ್ನೂ ಕಳೆದರೆ ಕೈಗೆ ಸಿಗುವುದು ಸಾವಿರದಷ್ಟು. 500 ವ್ಯಾಟ್ ಎಳೆಯುವ ಸಣ್ಣ ಎಸಿ ಎರಡು ಗಂಟೆಗೆ ಅದನ್ನು ಮುಗಿಸುತ್ತದೆ. ಅದೇ 25 ವ್ಯಾಟ್‌ನ 12 ವೋಲ್ಟ್ ಫ್ಯಾನ್ ಹತ್ತು ಗಂಟೆ ಓಡಿದರೂ ತಗಲುವುದು 250. ಹೋಮ್‌ಸ್ಟೇ ಅಂಗಳದಲ್ಲಿ ಅವರ ಕರೆಂಟ್‌ಗೆ ಸೇರಿಸಿಕೊಂಡರೆ ಇನ್ನೊಂದು ತಾಪತ್ರಯ. ತೆಳು ವೈರ್‌ನ ಉದ್ದ ಎಕ್ಸ್‌ಟೆನ್ಷನ್ ಹಾಕಿದರೆ ವೋಲ್ಟೇಜ್ ಬಿದ್ದು ಕಂಪ್ರೆಸರ್ ತೊದಲುತ್ತದೆ, ಪ್ಲಗ್ ಕಾದು ಕರಗುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಕರೆಂಟಿನ ಕಥೆ ಗೊತ್ತೇ ಇದೆ. ಹೋದ ಕರೆಂಟ್ ಬಂದ ಮೇಲೆ ನಿಮ್ಮ ಎಸಿ ತಾನಾಗಿ ಶುರುವಾಗುತ್ತದೆಯೇ? ಮನೆಯಲ್ಲೇ ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ಮತ್ತೆ ಹಾಕಿ ನೋಡಿ. ಕೆಲವು ರಿಮೋಟ್ ಒತ್ತುವವರೆಗೂ ಸುಮ್ಮನಿರುತ್ತವೆ. ಒಳಗಿನ ಉಷ್ಣತೆ ಏರಿದರೆ ಫೋನಿಗೆ ಸಂದೇಶ ಕಳಿಸುವ ಸಿಮ್ ಹಾಕಿದ ಯಂತ್ರಗಳೂ ಇವೆ. ಆದರೆ ನೆಟ್‌ವರ್ಕ್ ಇಲ್ಲದ ಎಸ್ಟೇಟಿನಲ್ಲಿ ಅದರ ಮೌನವನ್ನು ‘ಎಲ್ಲ ಸರಿಯಿದೆ’ ಎಂದು ಓದಿಕೊಳ್ಳುವ ಅಪಾಯವಿದೆ. ನಮ್ಮ ಅಭಿಪ್ರಾಯ ಕಟುವಾಗಿಯೇ ಇದೆ: ಯಂತ್ರದ ಭರವಸೆಯ ಮೇಲೆ ನಾಯಿಯನ್ನು ಒಳಗೆ ಬಿಟ್ಟು ಜಲಪಾತ ನೋಡಲು ಹೋಗುವುದು ಬೇಡ.

ಥರ್ಮಾಮೀಟರ್ ಒಂದು ಡಬ್ಬಿಯಲ್ಲಿರಲಿ. ಡಿಜಿಟಲ್‌ನದೇ ಸಾಕು, ತುದಿಗೆ ವ್ಯಾಸಲೀನ್ ಸವರಿ ಗುದದಲ್ಲಿ ನೋಡಬೇಕು. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಬಿಸಿಲಿಗೆ ಸಿಕ್ಕಿದ ನಾಯಿಗೆ 104 ದಾಟಿದರೆ ತಣಿಸಲು ತಡಮಾಡಬಾರದು. 106 ದಾಟಿದರೆ ಜೀವಕ್ಕೆ ಕುತ್ತು. ಒಸಡು ಇಟ್ಟಿಗೆಯಂತೆ ಕೆಂಪಾಗುವುದು, ಜೊಲ್ಲು ಅಂಟಂಟಾಗುವುದು, ನಡಿಗೆ ತೂರಾಡುವುದು ಕಂಡರೆ ಅಂಕಿಗೂ ಕಾಯಬೇಡಿ. ನೆರಳಿಗೆ ಒಯ್ದು ನಲ್ಲಿ ನೀರನ್ನೇ ಹೊಟ್ಟೆ, ತೊಡೆಸಂದು, ಕಂಕುಳಿಗೆ ಸುರಿಯುತ್ತ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಮೈಯ ಬಿಸಿಗೆ ಅದೇ ಬೆಚ್ಚಗಾಗಿ ಕಂಬಳಿಯಾಗುತ್ತದೆ. 103.5ಕ್ಕೆ ಇಳಿದಾಗ ನೀರು ನಿಲ್ಲಿಸಿ, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗಿಬಿಡುತ್ತದೆ. ನಾಯಿ ಎದ್ದು ಬಾಲ ಅಲ್ಲಾಡಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕಿಡ್ನಿಗೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ಆದ ಪೆಟ್ಟು ಕಾಣಿಸುವುದು ಆಮೇಲೆ. ಹಾಸನ ಮತ್ತು ಶಿವಮೊಗ್ಗ ಎರಡರಲ್ಲೂ ಹೆಬ್ಬಾಳದಂತೆಯೇ ಪಶುವೈದ್ಯಕೀಯ ಕಾಲೇಜುಗಳಿವೆ. ಸಕಲೇಶಪುರದ ಕಡೆ ಹೊರಟವರು, ಜೋಗದ ಕಡೆ ಹೊರಟವರು ದಾರಿಯ ಮ್ಯಾಪಿನಲ್ಲಿ ಅವನ್ನು ಮೊದಲೇ ಗುರುತು ಹಾಕಿಕೊಳ್ಳಲಿ.

ಕುಡಿಯುವ ನೀರು ದಿನಕ್ಕೆ ಕೆಜಿ ತೂಕಕ್ಕೆ 50ರಿಂದ 60 ಮಿಲಿ. 30 ಕೆಜಿ ನಾಯಿಗೆ ಎರಡು ಲೀಟರ್ ಹತ್ತಿರ, ಬಿಸಿಲಿದ್ದರೆ ನಾಲ್ಕು ಹೊರಿ.

ಗ್ಯಾಸ್ ವಿಷಯ ಚಿಕ್ಕದು, ಆದರೆ ಮರೆಯುವಂಥದ್ದಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ದು ನೀರಿನಂತೆ ಇಳಿದು ನೆಲದ ಮೇಲೆ ಹರಡುತ್ತದೆ. ಮಂಚದ ಮೇಲಿರುವ ನಿಮ್ಮ ಮೂಗಿಗೆ ವಾಸನೆ ಬರುವ ಹೊತ್ತಿಗೆ ನಾಯಿ ಅದರೊಳಗೇ ಮಲಗಿರುತ್ತದೆ. ಗ್ಯಾಸ್ ಅಲಾರಂ ಗೋಡೆಯಲ್ಲಿ ನೆಲದಿಂದ ಒಂದಡಿಯೊಳಗೆ ಇರಲಿ, ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆಯುವ ರಂಧ್ರವಿರಲಿ. ನಾಯಿಯ ಹಾಸಿಗೆ ಆ ರಂಧ್ರ ಮುಚ್ಚಿರಬಾರದು, ಎಷ್ಟೋ ಕಡೆ ಅದೇ ಆಗಿರುತ್ತದೆ. ಕಾರ್ಬನ್ ಮೊನಾಕ್ಸೈಡ್ ಮಾತ್ರ ಗಾಳಿಯಲ್ಲಿ ಎಲ್ಲ ಕಡೆ ಬೆರೆಯುವಂಥದ್ದು, ಅದರ ಅಲಾರಂ ಮಲಗುವ ಮಟ್ಟದಲ್ಲಿರಲಿ. ಚಳಿಗೆಂದು ಇದ್ದಿಲ ಅಗ್ಗಿಷ್ಟಿಕೆ ಒಳಗಿಡುವುದು ಮನುಷ್ಯರಿಗೂ ಸಾವು. ಸೊಳ್ಳೆ ಬತ್ತಿಯನ್ನೂ ನಾವು ನೆಲದ ಮೇಲೆ, ನಾಯಿಯ ಮೂತಿಯ ಎದುರಿಗೇ ಹಚ್ಚುತ್ತೇವೆ. ಕಿಟಕಿಗೆ ಜಾಲರಿ ಹಾಕಿ ಅದನ್ನು ಬಿಟ್ಟುಬಿಡಿ.

ಮೆಟ್ಟಿಲು: ಜಾಲರಿ ತಗಡಿನ ಮೆಟ್ಟಿಲಲ್ಲಿ ಉಗುರು ಸಿಕ್ಕಿ ಕೀಳುತ್ತದೆ, ಬಿಸಿಲಿಗೆ ಕಾದು ಪಾದ ಸುಡುತ್ತದೆ. ತೆಂಗಿನ ನಾರಿನ ಕಾಲೊರೆಸು ಕಟ್ಟಿದರೆ ಎರಡಕ್ಕೂ ಪರಿಹಾರ. ಸೊಂಟದ ನೋವಿರುವ ಮುದಿ ಲ್ಯಾಬ್, ಉದ್ದ ಬೆನ್ನಿನ ಡ್ಯಾಶ್‌ಹೌಂಡ್‌ಗೆ ಇಳಿಜಾರು ಹಲಗೆ ಬೇಕು. ಟ್ರೇಲರ್‌ನ ನೆಲ ಭೂಮಿಯಿಂದ 60 ಸೆಂ.ಮೀ. ಎತ್ತರದಲ್ಲಿದ್ದರೆ ಹಲಗೆ 180 ಸೆಂ.ಮೀ. ಇದ್ದಾಗ ಇಳಿಜಾರು ಸುಮಾರು 20 ಡಿಗ್ರಿ. ಗಿಡ್ಡ ಹಲಗೆಯ ಕಡಿದಾದ ಇಳಿಜಾರನ್ನು ನಾಯಿ ಒಮ್ಮೆ ಜಾರಿದರೆ ಮತ್ತೆ ಮುಟ್ಟುವುದಿಲ್ಲ.

ಹೊರಗೆ ಕಟ್ಟುವ ಹಗ್ಗ ಐದು ಮೀಟರ್ ಮೀರದಿರಲಿ, ಗೂಟಕ್ಕೆ ಕಟ್ಟಿ, ಟ್ರೇಲರ್‌ನ ಜಾಕ್‌ಗೆ ಬೇಡ. ಮುಧೋಳ ನಾಯಿಯ ತಲೆ ಕುತ್ತಿಗೆಗಿಂತ ಕಿರಿದು, ಮಾಮೂಲಿ ಕಾಲರ್‌ನಿಂದ ಹಿಂದಕ್ಕೆ ಜಗ್ಗಿ ತಪ್ಪಿಸಿಕೊಂಡು ಮೊಲದ ಹಿಂದೆ ಓಡಿದರೆ ಹಿಡಿಯುವವರಾರು? ಅದಕ್ಕೆ ಎಳೆದಷ್ಟೂ ಮಿತವಾಗಿ ಬಿಗಿಯುವ ಮಾರ್ಟಿಂಗೇಲ್ ಕಾಲರ್ ಹಾಕಿ. ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ತೆಳು ಇರುವುದರಿಂದ ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿಗೆ ಅದಕ್ಕೆ ಸ್ವೆಟರ್ ಮತ್ತು ನೆಲದಿಂದ ನಾಲ್ಕು ಬೆರಳು ಎತ್ತರದ ಹಾಸಿಗೆ ಬೇಕು. ತಣ್ಣನೆ ಗಾಳಿ ಕೆಳಗೇ ಇಳಿಯುವುದರಿಂದ ಎಸಿ ಹಾಕಿದ ರಾತ್ರಿಯಲ್ಲೂ ಇದೇ ಮಾತು. ಕಾಫಿ ತೋಟದಲ್ಲಿ ಬಿಡುಬೀಸಾಗಿ ಬಿಡುವ ಮುನ್ನ ಕಾಡುಹಂದಿಗೆ ಉರುಳು ಹಾಕಿದ್ದಾರೆಯೇ, ಬೇಲಿಗೆ ಕರೆಂಟ್ ಕೊಟ್ಟಿದ್ದಾರೆಯೇ, ಇಲಿ ಪಾಷಾಣ ಇಟ್ಟಿದ್ದಾರೆಯೇ ಎಂದು ತೋಟದವರನ್ನು ಕೇಳಿ.

ಕತ್ತಲಾದ ಮೇಲೆ ನಾಯಿ ಒಳಗೇ ಇರಬೇಕು. ಚಿರತೆಗೆ ದಟ್ಟ ಕಾಡೇ ಬೇಕಿಲ್ಲ, ರಾಮನಗರ, ಮಾಗಡಿಯ ಬಂಡೆಗಳ ಸುತ್ತ ಅದಿದೆ, ಕಟ್ಟಿದ ನಾಯಿ ಅದಕ್ಕೆ ಸಲೀಸಾದ ಊಟ. ಬಂಡೀಪುರದ ಮೂಲಕ ಹೋಗುವ 766ನೇ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಗಲಲ್ಲೂ ಕಾಡಿನ ನಡುವೆ ನಾಯಿಯನ್ನು ಮೂತ್ರಕ್ಕೆ ಇಳಿಸುವಂತಿಲ್ಲ. ಗುಂಡ್ಲುಪೇಟೆಯಲ್ಲೇ ಆ ಕೆಲಸ ಮುಗಿಸಿ.

ರಕ್ತ ಹೀರುವ ಉಣ್ಣೆಗೆ (ಉಣುಗಿಗೆ) ನಾಯಿ ಅಗಿಯುವ ಮಾತ್ರೆಗಳಿವೆ: ಅಫಾಕ್ಸೊಲನರ್ ಒಂದು ತಿಂಗಳಿಗೆ, ಫ್ಲುರಲನರ್ ಸುಮಾರು 12 ವಾರಕ್ಕೆ. ಫಿಟ್ಸ್ ಇರುವ ನಾಯಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಮಾತ್ರೆ ಕೊಟ್ಟರೂ ಪ್ರತಿ ಸಂಜೆ ಒಳಗೆ ಹತ್ತಿಸುವ ಮುಂಚೆ ಕಿವಿಯೊಳಗೆ, ಬೆರಳ ಸಂದಿನಲ್ಲಿ, ಕಂಕುಳಲ್ಲಿ, ಕಾಲರ್ ಕೆಳಗೆ, ಬಾಲದ ಬುಡದಲ್ಲಿ ಬೆರಳಾಡಿಸಿ. ಕಂಡದ್ದನ್ನು ಚಿಮಟದಿಂದ ಚರ್ಮದ ಮಟ್ಟದಲ್ಲಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ತೀರ್ಥಹಳ್ಳಿ, ಸಾಗರದ ಕಡೆ ಬೇಸಿಗೆಯಲ್ಲಿ ಕೈಗೆ ಗ್ಲೌಸ್ ಇರಲಿ, ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದಲೇ. ಊರಿಗೆ ಮರಳಿ ಎರಡು ಮೂರು ವಾರದೊಳಗೆ ನಾಯಿಗೆ ಜ್ವರ ಬಂದರೆ, ಊಟ ಬಿಟ್ಟರೆ, ರಕ್ತ ಪರೀಕ್ಷೆ ಮಾಡಿಸಿ, ಉಣ್ಣೆ ಜ್ವರ ತಲೆ ಎತ್ತುವ ಅವಧಿ ಅದು. ಮಳೆಗಾಲದ ಹಳ್ಳದ ನೀರು ಕುಡಿಯಲು ಬಿಡಬೇಡಿ. ಇಲಿ ಜ್ವರದ ಭಯ ಒಂದು, ಮೂಗಿನೊಳಗೆ ಉಂಬಳ ಹೊಕ್ಕುವುದು ಇನ್ನೊಂದು. ಒಂದೇ ಹೊಳ್ಳೆಯಲ್ಲಿ ರಕ್ತ ಜಿನುಗುತ್ತ ನಾಯಿ ಸೀನುತ್ತಿದ್ದರೆ ಅದನ್ನೇ ಅನುಮಾನಿಸಿ. ಇಲಿ ಜ್ವರದ ಲಸಿಕೆ ಮೊದಲ ಸಲವಾದರೆ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಪ್ರವಾಸಕ್ಕೆ ಒಂದೂವರೆ ತಿಂಗಳು ಮೊದಲೇ ಶುರು ಮಾಡಿ.

ಬೀಡು ಎತ್ತುವಾಗ ಆತುರ ಬೇಡ. ನಾಯಿಗೆ ಟ್ರೇಲರ್ ಅಡಿಯ ನೆರಳೆಂದರೆ ಪ್ರೀತಿ, ಚಕ್ರಕ್ಕೆ ಬೆನ್ನು ಕೊಟ್ಟೇ ಮಲಗಿರುತ್ತದೆ. ಕಾರು ಹಿಂದಕ್ಕೆ ತೆಗೆದು, ಟ್ರೇಲರ್ ಸಿಕ್ಕಿಸುವ ಕೊಂಡಿಯಾದ ಹಿಚ್‌ಗೆ ಸೇರಿಸುವಾಗ ಚಾಲಕನ ಕಣ್ಣೆಲ್ಲ ಹಿಚ್‌ನ ಗುಂಡಿನ ಮೇಲೆ. ಹಾಗಾಗಿ ಸರದಿ ಹೀಗಿರಲಿ: ಮೊದಲು ನಾಯಿ ಕಾರಿನೊಳಗೆ, ಎಸಿ ಹಾಕಿ, ಹಾರ್ನೆಸ್ ಸಿಕ್ಕಿಸಿ. ಆಮೇಲೆ ಹಿಚ್, ಸುರಕ್ಷತಾ ಸರಪಳಿ, ಲೈಟಿನ ಪ್ಲಗ್, ಜಾಕ್ ಮೇಲಕ್ಕೆ. ಕೊನೆಗೆ ಮೊಣಕಾಲೂರಿ ಟ್ರೇಲರ್ ಅಡಿ ಒಮ್ಮೆ ಬಗ್ಗಿ ನೋಡಿ. ನಿಮ್ಮ ನಾಯಿ ಕಾರಿನಲ್ಲಿದ್ದರೂ ಎರಡು ದಿನ ಅನ್ನ ಹಾಕಿಸಿಕೊಂಡ ಹೋಮ್‌ಸ್ಟೇ ನಾಯಿ ಅಲ್ಲೇ ಮಲಗಿರುತ್ತದೆ.