ಲಕ್ಷ್ಮಮ್ಮನ ಹೆಸರಿನಲ್ಲಿ ಎಷ್ಟು ಅಕ್ಷರ?

ನಾನು ಕೆಲಸ ಮಾಡುವ ಕಂಪನಿಯು ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶವನ್ನು ಸಿದ್ಧಪಡಿಸುತ್ತದೆ. ಸದಸ್ಯರು ಬೆಳಗ್ಗೆ ಮತ್ತು ಸಂಜೆ ಡೈರಿಗೆ ತಂದ ಹಾಲಿನ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮತ್ತು ದರ ಒಂದು ಸಣ್ಣ ಚೀಟಿಯಲ್ಲಿ ಮುದ್ರಣವಾಗುತ್ತವೆ; ಅದೇ ವಿವರ ಅವರ ಮೊಬೈಲಿಗೆ ಎಸ್‌ಎಂಎಸ್ ಆಗಿಯೂ ಹೋಗುತ್ತದೆ. ಕಳೆದ ವರ್ಷ ಈ ಎರಡನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಹೊಣೆ ನನ್ನ ಪಾಲಿಗೆ ಬಂದಿತು.

ಆ ಹೊತ್ತಿಗೆ ನಮ್ಮ ತಂಡದಲ್ಲಿ ಎಲ್ಲರೂ ಎಐ ಸಹಾಯದಿಂದ ಕೋಡ್ ಬರೆಯುತ್ತಿದ್ದೆವು. ಚೀಟಿಯಲ್ಲಿ ಹೆಸರಿಗೆ 18 ಸ್ಥಾನಗಳಿವೆ, ಅದನ್ನು ಮೀರಿದ ಹೆಸರನ್ನು ಕತ್ತರಿಸಬೇಕು ಎಂದು ನಾನು ಎಐಗೆ ತಿಳಿಸಿದೆ. ಕೋಡ್ ಕ್ಷಣದಲ್ಲಿ ಬಂದಿತು. ಅದು ಸರಿಯಾಗಿ ನಡೆಯುತ್ತದೆಯೇ ಎಂದು ತಾನಾಗಿ ನೋಡುವ ಪರೀಕ್ಷೆಗಳನ್ನೂ ಬರೆಯುವಂತೆ ಕೇಳಿದಾಗ ಅವೂ ಬಂದವು, ಒಂದೂ ತಪ್ಪದೆ ಪಾಸಾದವು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತೆಂದು ನಾನು ಮ್ಯಾನೇಜರಿಗೆ ವರದಿ ಮಾಡಿದೆ.

ಹೊಸ ಆವೃತ್ತಿ ಹೋದ ಮೂರನೆಯ ದಿನ ಒಂದು ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿದರು. ‘ಲಕ್ಷ್ಮಮ್ಮ ಕೋಂ ಕೃಷ್ಣಪ್ಪ’ ಎಂದಿರಬೇಕಾದ ಚೀಟಿಯಲ್ಲಿ ‘ಲಕ್ಷ್ಮಮ್ಮ ಕೋಂ ಕೃಷ್’ ಎಂದು ಬಂದಿತ್ತು.

ಕಾರಣವನ್ನು ಹುಡುಕುವುದು ಕಷ್ಟವಾಗಲಿಲ್ಲ. ‘ಲಕ್ಷ್ಮಮ್ಮ’ ಎಂಬುದರಲ್ಲಿ ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ: ಲ, ಕ್ಷ್ಮ, ಮ್ಮ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳನ್ನು ಬರೆಯುವ ಮಾನಕವಾದ ಯೂನಿಕೋಡ್ ಮಾತ್ರ ಇದನ್ನು ಪ್ರತಿ ವ್ಯಂಜನವನ್ನೂ, ವ್ಯಂಜನಕ್ಕೆ ಸ್ವರವಿಲ್ಲವೆಂದು ತೋರಿಸುವ ಪ್ರತಿ ಹಲಂತ ಚಿಹ್ನೆಯನ್ನೂ ಬೇರೆಬೇರೆಯಾಗಿ ಎಣಿಸಿ 9 ಸಂಕೇತಗಳಾಗಿ ಇಡುತ್ತದೆ. ಎಐ ಬರೆದ ಕೋಡ್ ಸಂಕೇತಗಳನ್ನು ಎಣಿಸಿ, ಹದಿನೆಂಟನೆಯದರ ಬಳಿಕ ಕತ್ತರಿಸಿತ್ತು. ಅದು ‘ಷ್ಣ’ ಎಂಬ ಒತ್ತಕ್ಷರದ ನಡುವೆ ಬಿತ್ತು.

ನಾನು ದೋಷವನ್ನು ವಿವರಿಸಿದೆ. ಎಐ ಕ್ಷಮೆ ಕೇಳಿ, ಗ್ರಾಫೀಮ್ ಕ್ಲಸ್ಟರ್‌ಗಳನ್ನು ಎಣಿಸುವ, ಪಠ್ಯವನ್ನು ತುಂಡುಗಳಾಗಿ ವಿಂಗಡಿಸುವ, ಜಾವಾಸ್ಕ್ರಿಪ್ಟ್ ಭಾಷೆಯ ಸೆಗ್ಮೆಂಟರ್ ಬಳಸುವ ಹೊಸ ಕೋಡ್ ಕೊಟ್ಟಿತು. ಓದುಗರ ಕಣ್ಣಿಗೆ ಒಂದೇ ಎಂದು ಕಾಣುವುದನ್ನು ಒಂದೇ ಎಂದು ಎಣಿಸುವ ಮಾನಕ ವಿಧಾನ ಇದು ಎಂಬ ವಿವರಣೆಯೂ ಜೊತೆಗಿತ್ತು. ಕೃಷ್ಣಪ್ಪನವರ ಹೆಸರು ಪೂರ್ತಿಯಾಗಿ ಬಂದಿತು. ನಾನು ಒಪ್ಪಿಬಿಟ್ಟೆ. ಮರುವಾರ ‘ಪುಟ್ಟಲಕ್ಷ್ಮಮ್ಮ ಕೋಂ ಸಿದ್ದಲಿಂಗಯ್ಯ’ ಎಂಬ ಹೆಸರು ‘ಸಿದ್ದಲಿಂಗಯ್’ ಎಂದು ಮೊಟಕಾಗಿ ಬಂದಾಗಲೇ ನಾನು ಯೂನಿಕೋಡಿನ ನಿಯಮವನ್ನು ಕುಳಿತು ಓದಿದ್ದು. 2023ರ ಸೆಪ್ಟೆಂಬರಿನಲ್ಲಿ ಬಂದ 15.1ನೆಯ ಆವೃತ್ತಿಯಲ್ಲಿ, ಒತ್ತಕ್ಷರಗಳನ್ನು ನಡುವೆ ಒಡೆಯಬಾರದೆಂಬ ನಿಯಮವು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ ಸೇರಿತು; ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಹಾಗಾಗಿ ಈ ಎಣಿಕೆಯಲ್ಲಿ ‘ಲಕ್ಷ್ಮಮ್ಮ’ ಮೂರೂ ಅಲ್ಲ, ಒಂಬತ್ತೂ ಅಲ್ಲ, ಆರು. ಹಿಂದಿಯ ಉದಾಹರಣೆಗಳಲ್ಲಿ ಸರಿಯಾಗಿ ನಡೆಯುವ ಕೋಡ್ ಕನ್ನಡದಲ್ಲೂ ನಡೆಯುತ್ತದೆಂದು ನಂಬಲು ಎಐಗೆ ಇದ್ದಷ್ಟೇ ಕಾರಣ ನನಗೂ ಇತ್ತು, ಆದರೆ ಕನ್ನಡ ಓದಬಲ್ಲವಳು ನಾನಾಗಿದ್ದೆ.

ಆ ಸಂಜೆ ಪರೀಕ್ಷೆಗಳನ್ನು ಮೊದಲ ಬಾರಿಗೆ ಸಾಲು ಸಾಲಾಗಿ ಓದಿದೆ. ಅವುಗಳಲ್ಲಿ ಇಂಗ್ಲಿಷ್ ಲಿಪಿಯ ಹೆಸರುಗಳಿದ್ದವು, ಖಾಲಿ ಹೆಸರಿತ್ತು, ಎಮೋಜಿಯೂ ಇತ್ತು. ಒಂದೂ ಕನ್ನಡ ಹೆಸರು ಇರಲಿಲ್ಲ. ಕೋಡ್ ಯಾವ ಊಹೆಯ ಮೇಲೆ ನಿಂತಿತ್ತೋ ಅದೇ ಊಹೆಯಿಂದ ಹುಟ್ಟಿದ ಪರೀಕ್ಷೆಗಳು ಆ ಕೋಡನ್ನು ತಪ್ಪೆಂದು ಹೇಳಲು ಸಾಧ್ಯವೇ ಇರಲಿಲ್ಲ. ಪರೀಕ್ಷೆ ಪಾಸಾಯಿತೆಂಬ ಹಸಿರು ಗುರುತು ಕಂಡು ನನಗೆ ಸಮಾಧಾನವಾಗಿತ್ತಲ್ಲ, ಅದನ್ನು ನೆನೆದರೆ ಈಗಲೂ ಮನಸ್ಸು ಕಸಿವಿಸಿಗೊಳ್ಳುತ್ತದೆ.

ಎಸ್‌ಎಂಎಸ್‌ನಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆದಿತ್ತು. ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಸಂಕೇತಗಳು ಹಿಡಿಯುತ್ತವೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶದ ಮಿತಿ 70ಕ್ಕೆ ಇಳಿಯುತ್ತದೆ. ನಮ್ಮ ಕೋಡಿನಲ್ಲಿ 160 ಎಂದೇ ಉಳಿದಿದ್ದರಿಂದ, ಒಂದೆಂದು ಎಣಿಸಿದ ಸಂದೇಶಕ್ಕೆ ಎರಡರ ಶುಲ್ಕ ಬಿದ್ದಿತ್ತು.

ಮುಂದಿನ ವಾರ ಆ ಕಾರ್ಯದರ್ಶಿಯವರ ಡೈರಿಗೆ ಹೋದೆ. ಅಕ್ಷರಗಳನ್ನು ಸರಿಯಾಗಿ ಎಣಿಸುವ ಬಗೆಯನ್ನು ನಾನು ವಿವರಿಸುತ್ತಿದ್ದಾಗ ಅವರು ತಡೆದು, “ಎಣಿಸೋದು ಆಮೇಲೆ ಇರಲಿ ಮೇಡಂ, ಹೆಸರು ಯಾಕೆ ಕತ್ತರಿಸಬೇಕು? ನಮ್ಮಲ್ಲಿ ಮೂರು ಜನ ಲಕ್ಷ್ಮಮ್ಮ ಇದ್ದಾರೆ. ಗಂಡನ ಹೆಸರು ಹೋದರೆ ಯಾರ ಚೀಟಿ ಯಾರದು ಅಂತ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. 18 ಎಂಬುದು ಹಳೆಯ ಇಂಗ್ಲಿಷ್ ಚೀಟಿಯಿಂದ ಬಂದ ಸಂಖ್ಯೆ; ಅದನ್ನು ನಾನು ಪ್ರಶ್ನಿಸಿರಲಿಲ್ಲ, ಎಐಯೂ ಪ್ರಶ್ನಿಸಿರಲಿಲ್ಲ. ಹೇಗೆ ಕತ್ತರಿಸಬೇಕೆಂದು ಎರಡು ವಾರ ಚರ್ಚಿಸಿದ ನಾವು, ಕತ್ತರಿಸಬೇಕೇ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಂದು ಅವರ ಜೊತೆ ಕುಳಿತು ನಲವತ್ತು ಸಾಲುಗಳ ಒಂದು ಕಡತವನ್ನು ಕೈಯಿಂದ ಬರೆದೆ: ಎಡಗಡೆ ಹೆಸರು, ಬಲಗಡೆ ಅದು ಚೀಟಿಯಲ್ಲಿ ಹೇಗೆ ಕಾಣಬೇಕು ಎಂಬುದು. ಸದಸ್ಯರ ನಿಜವಾದ ವಿವರಗಳನ್ನು ಹೊರಗಿನ ಎಐ ಸೇವೆಗೆ ಕಳುಹಿಸುವುದು ಸಲ್ಲದಾದ್ದರಿಂದ, ಊರಿನಲ್ಲಿ ಸಾಮಾನ್ಯವಾಗಿ ಇರುವ ಹೆಸರುಗಳನ್ನು ಅದಲುಬದಲು ಮಾಡಿ ಸೇರಿಸಿದೆವು. ಸೂರ್ಯ, ಧರ್ಮ ಎಂಬಂಥ ಅರ್ಕಾವತ್ತಿನ ಹೆಸರುಗಳು, ‘ಬಿನ್’ ಮತ್ತು ‘ಕೋಂ’ ಇರುವ ಉದ್ದದ ಹೆಸರುಗಳು, ಒಂದೇ ಹೆಸರಿನ ಇಬ್ಬರು ಸದಸ್ಯರು, ಎಲ್ಲವೂ ಅದರಲ್ಲಿವೆ. ಉದ್ದದ ಹೆಸರು ಎರಡನೆಯ ಸಾಲಿಗೆ ಇಳಿಯಬೇಕು, ಪದದ ಅಂಚಿನಲ್ಲೇ ಮುರಿಯಬೇಕು, ಒಂದೇ ಪದ ಸಾಲಿನಲ್ಲಿ ಹಿಡಿಯದಿದ್ದರೆ ಮಾತ್ರ ಪೂರ್ಣ ಅಕ್ಷರದ ಅಂಚಿನಲ್ಲಿ ಮುರಿಯಬಹುದು ಎಂದು ತೀರ್ಮಾನಿಸಿದೆವು. ಸ್ಥಾನಗಳ ಎಣಿಕೆಯ ಬದಲು ಮುದ್ರಣದ ಅಗಲವನ್ನೇ ಅಳೆಯುವುದೆಂದೂ ಒಪ್ಪಿದೆವು.

ಈ ಕಡತವನ್ನು ಮುಂದಿಟ್ಟು ಕೇಳಿದಾಗ ಎಐ ಮಾಡಿದ ಕೆಲಸವನ್ನು ನಾನು ಮೆಚ್ಚಲೇಬೇಕು. ಹಲಂತದ ಬಳಿಕ ಬರುವ ವ್ಯಂಜನವನ್ನು ಹಿಂದಿನದಕ್ಕೆ ಸೇರಿಸಿಕೊಳ್ಳುವ ಕೋಡನ್ನು ಅದು ಎರಡನೆಯ ಯತ್ನದಲ್ಲಿ ಸರಿಯಾಗಿ ಬರೆಯಿತು. ಅಷ್ಟೇ ಅಲ್ಲ, ‘ರಾಜ್‌ಕುಮಾರ್’ ಎಂಬಲ್ಲಿ ಜಕಾರ ಮತ್ತು ಕಕಾರ ಒಂದಾಗದಂತೆ ನಡುವೆ ಇಡುವ ಕಾಣದ ಚಿಹ್ನೆಯ ಬಳಿ ಸಾಲನ್ನು ಮುರಿಯಬಹುದೇ ಎಂದು ಅದೇ ಕೇಳಿತು. ಅದು ನನಗಾಗಲಿ ಕಾರ್ಯದರ್ಶಿಯವರಿಗಾಗಲಿ ಹೊಳೆದಿರಲಿಲ್ಲ. ಮುರಿಯಬಹುದು ಎಂದು ತೀರ್ಮಾನಿಸಿ, ನಲವತ್ತೊಂದನೆಯ ಸಾಲಾಗಿ ಆ ಹೆಸರನ್ನು ಕಡತಕ್ಕೆ ಸೇರಿಸಿದೆ.