ಬುಸಾನಿನ ಪ್ರಶಸ್ತಿ, ನಮ್ಮ ಚಿಗವ್ವನ ತೀರ್ಪು

ದಕ್ಷಿಣ ಕೊರಿಯಾದ ಬುಸಾನ್ ಅಂತರರಾಷ್ಟ್ರೀಯ ಚಿತ್ರೋತ್ಸವ ಏಷ್ಯಾದ ಹೊಸ ನಿರ್ದೇಶಕರಿಗೆ ಕೊಡುತ್ತಿದ್ದ ‘ನ್ಯೂ ಕರೆಂಟ್ಸ್’ ಪ್ರಶಸ್ತಿಗೆ ದೊಡ್ಡ ಹೆಸರಿದೆ. ಮೊದಲನೆಯ ಅಥವಾ ಎರಡನೆಯ ಸಿನಿಮಾ ಮಾಡಿದವರಷ್ಟೇ ಅದರ ಕಣದಲ್ಲಿರುತ್ತಿದ್ದರು. 2022ರಲ್ಲಿ ಗೆದ್ದ ಎರಡು ಸಿನಿಮಾಗಳಲ್ಲಿ ಒಂದು ಕನ್ನಡದ್ದು, ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’. ಸುದ್ದಿ ಓದಿ ನಾನು ಹಿಗ್ಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನು ಚಿತ್ರೀಕರಿಸಿದ್ದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ನಿರ್ದೇಶಕರ ಸ್ವಂತ ಊರಲ್ಲಿ, ಆ ಊರಿನ ಜನರನ್ನೇ ಇಟ್ಟುಕೊಂಡು. ಕಥೆ, ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸಿನದು.

ನಮ್ಮ ಚಿಗವ್ವನೂ ಬಿಸಿಯೂಟದವಳು. ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಅಕ್ಷರ ದಾಸೋಹ ಶುರುವಾದಾಗಿನಿಂದ ಒಲೆಯ ಮುಂದೆ ಇದ್ದಾಳೆ. ರಾಜ್ಯದಲ್ಲಿ ಆ ಯೋಜನೆ ಮೊದಲು ಬಂದದ್ದು ನಮ್ಮ ಭಾಗದ ಜಿಲ್ಲೆಗಳಿಗೇ, 2002ರ ಹೊತ್ತಿಗೆ. ಬೇಳೆ ಬೇಯುವ ಹೊತ್ತು, ಮಕ್ಕಳ ಹಾಜರಿ, ಯಾವ ಹುಡುಗ ಎರಡನೇ ಸಲ ಅನ್ನ ಕೇಳಲು ನಾಚುತ್ತಾನೆ, ಎಲ್ಲವೂ ಆಕೆಗೆ ಬಾಯಿಪಾಠ. ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ.

ಸಿನಿಮಾ 2024ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಆಮೇಲೆ ಮಳೆಗಾಲದ ಒಂದು ಭಾನುವಾರ ಕಲಬುರಗಿಯ ಕೆಲವು ಗೆಳೆಯರು ಅನುಮತಿ ಪಡೆದು ಸಣ್ಣ ಸಭಾಂಗಣವೊಂದರಲ್ಲಿ ಅದನ್ನು ತೋರಿಸುವುದೆಂದಾಯಿತು. ಚಿಗವ್ವ ಮೊಮ್ಮಗಳನ್ನು ನೋಡಲು ನಮ್ಮಲ್ಲಿಗೆ ಬಂದಿದ್ದಳು. ಕರೆದೆ.

“ಹೀರೋ ಯಾರ ಅದಾನ?”

“ಹೀರೋ ಇಲ್ಲ ಚಿಗವ್ವ. ನಿನ್ನಂಗ ಸಾಲ್ಯಾಗ ಅಡಗಿ ಮಾಡಾಕಿದು ಕಥಿ.”

“ಅಡಗಿ ಮಾಡಾಕಿ ಮ್ಯಾಲ ಯಾರ್ ಪಿಚ್ಚರ್ ತೆಗೀತಾರೋ ತಮ್ಮಾ!” ಅಂದಳು. ಆದರೂ ಇಳಕಲ್ ಸೀರೆ ಉಟ್ಟು ಹೊರಟಳು.

ಬಂದವರಲ್ಲಿ ಉಪನ್ಯಾಸಕರು, ರಂಗಭೂಮಿಯವರು, ಒಂದಿಷ್ಟು ವಿದ್ಯಾರ್ಥಿಗಳು. ಸಿನಿಮಾದ ಶಿವಮ್ಮ ಹಾಸಿಗೆ ಹಿಡಿದ ಗಂಡನನ್ನು, ಮನೆಯ ಬಡತನವನ್ನು ಕಟ್ಟಿಕೊಂಡವಳು. ಶಕ್ತಿವರ್ಧಕ ಪೇಯವೊಂದರ ನೆಟ್‌ವರ್ಕ್ ಮಾರ್ಕೆಟಿಂಗಿಗೆ ಹಣ ಹಾಕಿ, ಊರೆಲ್ಲ ತಿರುಗಿ ಮಾರಲು ಹೊರಡುತ್ತಾಳೆ. ಚಿಗವ್ವ ಮೊದಮೊದಲು ನನ್ನ ಕಿವಿಯಲ್ಲಿ ಏನಾದರೂ ಅನ್ನುತ್ತಿದ್ದಳು. “ಇವ್ರು ನಾಟಕ ಮಾಡ್ಲಿಕತ್ತಾರಂತ ಅನಸವಲ್ದು ನೋಡು” ಅಂದದ್ದು ನೆನಪಿದೆ. ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮುಂದಕ್ಕೆ ಬಾಗಿ ಕೂತಳು.

ಮುಗಿದ ಮೇಲೆ ಚರ್ಚೆ. ಹಳ್ಳಿಯ ಮುಗ್ಧ ಹೆಣ್ಣುಮಗಳು ಇಂಥ ಸರಪಳಿ ವ್ಯಾಪಾರಕ್ಕೆ ಹೇಗೆ ಬಲಿಯಾಗುತ್ತಾಳೆ ಅನ್ನುವುದರ ಸುತ್ತಲೇ ಮಾತು ಓಡುತ್ತಿತ್ತು. ಯಾರೋ “ಪಾಪ, ಮೋಸ ಹೋದಳು” ಅಂದರು. ಚಿಗವ್ವ ಕೂತಲ್ಲಿಂದಲೇ ಬಾಯಿ ಹಾಕಿದಳು.

“ಪಾಪ ಯಾಕನ್ತೀರಿ ಆಕಿಗಿ? ಆಕಿ ಧೈರ್ಯ ಮಾಡಿ ಹೊಂಟಾಳ. ಊರಾಗ ಎಲ್ರೂ ನಗತಾರ, ಮನ್ಯಾಗ ಬೈತಾರ, ಅಂದ್ರೂ ಚೀಲ ಹೊತ್ಕೊಂಡು ಹೊಂಟಾಳ. ನಮ್ಮ ಸಂಘದಾಗೂ ಒಬ್ಬಾಕಿ ಹಿಂಗೇ ರೊಕ್ಕ ಹಾಕಿದ್ಳು. ಹೋತು. ರೊಕ್ಕ ಹೋಗಿದ್ದಕ್ಕ ಆಕಿ ಅತ್ತಿಲ್ಲರಿ. ‘ನಿನಗ್ಯಾಕ ಬೇಕಾಗಿತ್ತು’ ಅಂದ್ರಲ್ಲ ಮನ್ಯಾಗ, ಅದಕ್ಕ ಅತ್ಲು.”

ಸಭೆ ಒಂದು ಕ್ಷಣ ತಡವರಿಸಿತು. ಆಮೇಲೆ ಮಾತಿನ ದಿಕ್ಕೇ ಬದಲಾಯಿತು. ದುಡಿಯುವ ಹೆಂಗಸಿಗೆ ಬಂಡವಾಳ ಯಾರು ಕೊಡುತ್ತಾರೆ, ಸೋಲುವ ಹಕ್ಕು ಯಾರಿಗಿದೆ ಎಂದು ಹುಡುಗಿಯರು ಕೇಳತೊಡಗಿದರು. ಗಂಡಸು ವ್ಯಾಪಾರಕ್ಕಿಳಿದು ಕಳೆದುಕೊಂಡರೆ ಲುಕ್ಸಾನು ಅನ್ನುತ್ತೇವೆ, ಹೆಂಗಸು ಕಳೆದುಕೊಂಡರೆ ದಡ್ಡತನ ಅನ್ನುತ್ತೇವೆ. ಆ ಸಿನಿಮಾದ ಬಗ್ಗೆ ಬಂದ ಎಷ್ಟೋ ವಿಮರ್ಶೆ ಓದಿದ್ದೆ. ಚಿಗವ್ವನ ಮಾತಿನಷ್ಟು ಒಳಕ್ಕೆ ಇಳಿದದ್ದು ಯಾವುದೂ ಇರಲಿಲ್ಲ.

ಚಿತ್ರೋತ್ಸವ ಯಾರಿಗೆ ಅನ್ನುವ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಪ್ರಶಸ್ತಿ ಬಂದದ್ದರಿಂದಲೇ ಆ ಸಿನಿಮಾದ ಹೆಸರು ನಮ್ಮ ತನಕ ಬಂತು, ಅದರ ಋಣ ದೊಡ್ಡದು. ಆದರೆ ಉತ್ಸವದ ತೆರೆ ನಮ್ಮ ಕಡೆ ಬರುವುದಿಲ್ಲ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ, ಸ್ವರ್ಣ ಮಯೂರ ಕೊಡುವಂಥದ್ದು, 2004ರಿಂದ ಗೋವಾದಲ್ಲೇ ನೆಲೆ ನಿಂತಿದೆ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಉತ್ಸವದಲ್ಲಿ ಏಷ್ಯಾದ, ಭಾರತದ, ಕನ್ನಡದ ಸಿನಿಮಾಗಳಿಗೆ ಬೇರೆಬೇರೆ ಸ್ಪರ್ಧೆಗಳಿವೆ. ಅದು ನಡೆಯುವುದು ಬೆಂಗಳೂರಿನಲ್ಲಿ, ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣದಾಚೆ. ಶಾಲೆಯ ಒಲೆ ಬಿಟ್ಟು ಚಿಗವ್ವ ಅಲ್ಲಿಗೆ ಹೋಗುವುದು ಆಗದ ಮಾತು.

1952ರಲ್ಲಿ ನಮ್ಮ ದೇಶದ ಮೊದಲ ಚಿತ್ರೋತ್ಸವ ಮುಂಬೈಯಲ್ಲಿ ಶುರುವಾಗಿ ಮದ್ರಾಸ್, ದೆಹಲಿ, ಕಲ್ಕತ್ತೆಗಳಿಗೂ ಹೋಗಿತ್ತು. ಊರೂರು ತಿರುಗುವ ಗುಣ ಅದಕ್ಕೆ ಹುಟ್ಟಿನಲ್ಲೇ ಇತ್ತು. ಇನ್ನು ಬುಸಾನ್ ಅಂದರೆ ಕೊರಿಯಾದ ರಾಜಧಾನಿಯೂ ಅಲ್ಲ, ಬಂದರಿನ ಊರು. 1996ರಲ್ಲಿ ಉತ್ಸವ ಆರಂಭಿಸಿ, ಏಷ್ಯಾದ ಸಿನಿಮಾದವರೆಲ್ಲ ತನ್ನತ್ತ ನೋಡುವ ಹಾಗೆ ಅದನ್ನು ಬೆಳೆಸಿತು.

ಕಲಬುರಗಿಗೆ ಅಷ್ಟು ದೊಡ್ಡದೇನೂ ಬೇಡ. ನಮ್ಮಲ್ಲಿ ಡಾ. ಎಸ್.ಎಂ. ಪಂಡಿತ್ ರಂಗಮಂದಿರವಿದೆ. ಪಂಡಿತರು ಈ ಊರಿನವರು, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್‌ಗಳನ್ನು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಚಿತ್ರಗಳನ್ನು ಬರೆದ ಕಲಾವಿದರು. ಅವರ ಹೆಸರಿನ ಈ ಮನೆಯಲ್ಲಿ, ಬೆಂಗಳೂರಿನ ಉತ್ಸವದಲ್ಲಿ ಬಹುಮಾನ ಪಡೆದ ಸಿನಿಮಾಗಳನ್ನಾದರೂ ವರ್ಷಕ್ಕೊಮ್ಮೆ ಎರಡು ಮೂರು ದಿನ ತೋರಿಸಬಹುದು. ಬೀದರ್, ಯಾದಗಿರಿಯವರೂ ಬಂದಾರು. ಗೆಳೆಯರೆಲ್ಲ ಸೇರಿ ಹಾಗೊಂದು ಮನವಿ ಬರೆಯುತ್ತಿದ್ದೇವೆ. ಆಟ ಶನಿವಾರ ಸಂಜೆಯೂ ಇರಬೇಕು ಅಂತ ಸೇರಿಸಿದ್ದು ಚಿಗವ್ವನ ಸಲಹೆಯ ಮೇಲೆ. ಶನಿವಾರ ಮುಂಜಾನೆ ಶಾಲೆ. ಪಾತ್ರೆ ತೊಳೆದಿಟ್ಟು ಮಧ್ಯಾಹ್ನದ ಬಸ್ ಹಿಡಿದರೆ ಹೊತ್ತು ಮುಳುಗುವುದರೊಳಗೆ ಇಲ್ಲಿರುತ್ತಾಳೆ. ಜೊತೆಗೆ ಅಡುಗೆಮನೆಯ ಇನ್ನಿಬ್ಬರನ್ನೂ ಕರೆತರುತ್ತಾಳಂತೆ.